ಮಾಡ್ಯುಲಸ್ ಒಳಗೆ ಹಾಕುವ ಮುಂಚೆ: ಆಂದೋಲಕ ಇಂಟಿಗ್ರಲ್‌ಗಳನ್ನು ಅಂದಾಜು ಮಾಡುವ ಬಗೆ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಎಂ.ಎಸ್ಸಿ. ಗಣಿತದ ವಿದ್ಯಾರ್ಥಿಗಳು ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಹೊತ್ತಿಗೆ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಸರ್, ಪುಸ್ತಕದಲ್ಲಿ ಲ್ಯಾಮ್ಡಾದ ಮೈನಸ್ ಅರ್ಧ ಘಾತ ಅಂತ ಬರೆದುಬಿಟ್ಟಿದ್ದಾರೆ. ಅದು ಎಲ್ಲಿಂದ ಬಂತು?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದಿಡುತ್ತಿದ್ದೇನೆ.

ವಿಷಯ ಇಷ್ಟು. ಒಳಗೆ ಅಲೆಯಂತೆ ಮೇಲೆ ಕೆಳಗೆ ಆಡುವ ಒಂದು ಫಲನವಿದೆ. ಅದರ ಇಂಟಿಗ್ರಲ್ ಎಷ್ಟು ಚಿಕ್ಕದು ಅಂತ ಹೇಳಬೇಕು. ಇದಕ್ಕೆ ಆಂದೋಲಕ ಇಂಟಿಗ್ರಲ್ ಅನ್ನುತ್ತಾರೆ.

ಗಂಗಾವತಿಯ ಯಾವುದಾದರೂ ಅಕ್ಕಿ ಮಿಲ್ಲಿನ ಖಾತೆ ಪುಸ್ತಕ ನೆನೆಸಿಕೊಳ್ಳಿ. ಒಂದು ಕಡೆ ಜಮೆ, ಒಂದು ಕಡೆ ಖರ್ಚು. ವರ್ಷವೆಲ್ಲ ಕೋಟಿಗಟ್ಟಲೆ ಓಡಾಡಿದರೂ ಕೊನೆಗೆ ಕೈಯಲ್ಲಿ ಉಳಿಯುವುದು ಸ್ವಲ್ಪ. ಯಾರಾದರೂ ಖರ್ಚನ್ನೂ ಜಮೆ ಅಂತಲೇ ಕೂಡಿಸಿದರೆ? ಲೆಕ್ಕ ಸುಳ್ಳಾಗುವುದಿಲ್ಲ, "ಇದಕ್ಕಿಂತ ಹೆಚ್ಚು ಉಳಿದಿಲ್ಲ" ಅನ್ನುವುದು ನಿಜವೇ. ಆದರೆ ಆ ಸಂಖ್ಯೆಯಿಂದ ಯಾವ ಉಪಯೋಗವೂ ಇಲ್ಲ. ಇಂಟಿಗ್ರಲ್‌ನ ಮಾಡ್ಯುಲಸ್ (ಅಂದರೆ ಚಿಹ್ನೆ ಬಿಟ್ಟ ಗಾತ್ರ) ಕೇಳಿದ ಕೂಡಲೇ ಮಾಡ್ಯುಲಸ್ ಅನ್ನು ಒಳಗೆ ತಳ್ಳುವವರು ಇದನ್ನೇ ಮಾಡುತ್ತಾರೆ. ಜಮೆ-ಖರ್ಚು ಹೊಡೆದುಹೋಗುವ ಅವಕಾಶ ಅಲ್ಲೇ ಮುಗಿಯುತ್ತದೆ. ಕೆಳಗಿನ ಎಲ್ಲ ಹಂತಗಳಲ್ಲೂ ನೋಡಬೇಕಾದದ್ದು ಒಂದೇ: ಮಾಡ್ಯುಲಸ್ ಒಳಗೆ ಹೋಗುವ ಹೊತ್ತು ಯಾವುದು.

ಏನೇನು ಬೇಕು

ಬೈ ಪಾರ್ಟ್ಸ್ ಇಂಟಿಗ್ರೇಶನ್ ಕೈಗೆ ಒಗ್ಗಿರಬೇಕು. ಸಂಕೀರ್ಣ ಸಂಖ್ಯೆಗಳು, ಫೂರಿಯೆ ರೂಪಾಂತರ, ಎಲ್-1, ಎಲ್-2 ನಾರ್ಮ್‌ಗಳ ಪರಿಚಯ ಇರಬೇಕು. ನಾರ್ಮ್ ಅಂದರೆ ಫಲನದ ಅಳತೆ: ಎಲ್-1 ಅಂದರೆ ಮಾಡ್ಯುಲಸ್‌ನ ಇಂಟಿಗ್ರಲ್, ಎಲ್-2 ಅಂದರೆ ಮಾಡ್ಯುಲಸ್ ವರ್ಗದ ಇಂಟಿಗ್ರಲ್‌ಗೆ ವರ್ಗಮೂಲ, ಎಲ್-ಅನಂತ ಅಂದರೆ ಅತಿ ಎತ್ತರದ ಬೆಲೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಗ್ರೀಕ್ ಅಕ್ಷರಗಳನ್ನು ನಾನಿಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ನೀವು ನಿಮ್ಮ ಗುರುತಿನಲ್ಲೇ ಬರೆದುಕೊಳ್ಳಿ. ಓದುತ್ತಾ ಹೋದರೆ ಎಲ್ಲ ಗೊತ್ತಾದಂತೆ ಅನಿಸುತ್ತದೆ. ಬರೆಯಲು ಕುಳಿತಾಗಲೇ ಕೈ ನಿಲ್ಲುವುದು.

ಹಂತ 1: ಫೇಸ್ ಯಾವುದು, ಆಂಪ್ಲಿಟ್ಯೂಡ್ ಯಾವುದು

ಇಂಟಿಗ್ರಲ್ ಅನ್ನು ಈ ರೂಪಕ್ಕೆ ತನ್ನಿ:

∫ ಇ^(ಐ · ಲ್ಯಾಮ್ಡಾ · ಫೈ(ಎಕ್ಸ್)) ಎ(ಎಕ್ಸ್) ಡಿಎಕ್ಸ್

ಫೈ ಅನ್ನುವುದು ಫೇಸ್, ಅಲೆಯ ತಿರುಗಾಟವನ್ನು ಅದು ಹೇಳುತ್ತದೆ. ಎ ಅನ್ನುವುದು ಆಂಪ್ಲಿಟ್ಯೂಡ್, ಅಲೆಯ ಎತ್ತರ. ಲ್ಯಾಮ್ಡಾ ದೊಡ್ಡ ಸಂಖ್ಯೆ. ಅದು ದೊಡ್ಡದಾದಷ್ಟೂ ಅಲೆ ಜೋರಾಗಿ ಆಡುತ್ತದೆ.

ಫೇಸ್ ನಿಜ ಸಂಖ್ಯೆಯೇ ಇರಬೇಕು. ಲ್ಯಾಮ್ಡಾ ಆಂಪ್ಲಿಟ್ಯೂಡ್ ಒಳಗೆ ಕದ್ದು ಕುಳಿತಿಲ್ಲ ಅಂತಲೂ ನೋಡಿಕೊಳ್ಳಿ. ಕುಳಿತಿದ್ದರೆ ಎ-ಯ ಡೆರಿವೇಟಿವ್ ತೆಗೆದಾಗಲೆಲ್ಲ ಒಂದೊಂದು ಲ್ಯಾಮ್ಡಾ ಹೊರಬಂದು, ನೀವು ಗಳಿಸಿದ್ದನ್ನು ತಿಂದುಹಾಕುತ್ತದೆ.

ಹಂತ 2: ಫೇಸ್ ಎಲ್ಲಿ ನಿಲ್ಲುತ್ತದೆ?

ಫೈ-ನ ಡೆರಿವೇಟಿವ್ ಸೊನ್ನೆ ಆಗುವ ಜಾಗಗಳನ್ನು ಪಟ್ಟಿ ಮಾಡಿ. ಆ ಜಾಗಗಳಲ್ಲಿ ಅಲೆ ಒಂದು ಕ್ಷಣ ತಿರುಗಾಟ ನಿಲ್ಲಿಸುತ್ತದೆ, ಜಮೆ-ಖರ್ಚು ಹೊಡೆದುಹೋಗುವುದಿಲ್ಲ. ಇಂಟಿಗ್ರಲ್‌ನ ಬೆಲೆ ಬಹುಪಾಲು ಅಲ್ಲಿಂದಲೇ ಬರುತ್ತದೆ. 1887ರಲ್ಲಿ ಲಾರ್ಡ್ ಕೆಲ್ವಿನ್ ಇದೇ ಉಪಾಯದಿಂದ ಹಡಗಿನ ಹಿಂದೆ ಹರಡುವ ಅಲೆಗಳ ಲೆಕ್ಕ ಮಾಡಿದರು. ಆಳ ನೀರಿನಲ್ಲಿ ಆ ಅಲೆಗಳು ಎರಡೂ ಕಡೆ ಸುಮಾರು 19.5 ಡಿಗ್ರಿ ಕೋನದೊಳಗೇ ಇರುತ್ತವೆ. ಬಾತುಕೋಳಿಯ ಹಿಂದೆ ಕಾಣುವ ವಿ ಆಕಾರವೂ ಇದೇ ಜಾತಿಯದು.

ಪಟ್ಟಿಗೆ ಇಂಟಿಗ್ರಲ್‌ನ ಎರಡು ತುದಿಗಳನ್ನೂ ಸೇರಿಸಿ. ಸುಮಾರು ಜನ ಇದನ್ನು ಮರೆಯುತ್ತಾರೆ.

ಹಂತ 3: ನಿಲ್ಲದ ಕಡೆ ಬೈ ಪಾರ್ಟ್ಸ್

ಡೆರಿವೇಟಿವ್ ಸೊನ್ನೆಯಿಂದ ದೂರ ಇರುವ ಕಡೆ ಕೆಲಸ ಸುಲಭ. ಇ^(ಐ·ಲ್ಯಾಮ್ಡಾ·ಫೈ) ಅನ್ನು, ಅದರದೇ ಡೆರಿವೇಟಿವ್ ಅನ್ನು ಐ·ಲ್ಯಾಮ್ಡಾ·ಫೈ′ ನಿಂದ ಭಾಗಿಸಿದ್ದು ಅಂತ ಬರೆಯಿರಿ. ಆಮೇಲೆ ಬೈ ಪಾರ್ಟ್ಸ್. ಒಂದು ಸಲ ಮಾಡಿದರೆ ಒಂದು 1/ಲ್ಯಾಮ್ಡಾ ಸಿಗುತ್ತದೆ. ಎ ನಯವಾಗಿದ್ದು ತುದಿಗಳ ಹತ್ತಿರ ಪೂರ್ತಿ ಸೊನ್ನೆ ಆಗಿದ್ದರೆ ಎಷ್ಟು ಸಲ ಬೇಕಾದರೂ ಮಾಡಬಹುದು, ಲ್ಯಾಮ್ಡಾದ ಯಾವ ಘಾತ ಬೇಕೋ ಅದು ಸಿಗುತ್ತದೆ. ತುದಿಯಲ್ಲಿ ಎ ಕಡಿದು ನಿಂತಿದ್ದರೆ 1/ಲ್ಯಾಮ್ಡಾ ಒಂದೇ ಗತಿ. 0 ಯಿಂದ 1 ರವರೆಗೆ ಇ^(ಐ·ಲ್ಯಾಮ್ಡಾ·ಎಕ್ಸ್) ತೆಗೆದುಕೊಳ್ಳಿ: ಉತ್ತರದ ಮಾಡ್ಯುಲಸ್ 2/ಲ್ಯಾಮ್ಡಾ ದಾಟುವುದಿಲ್ಲ, ಆದರೆ ಅದಕ್ಕಿಂತ ಒಳ್ಳೆಯ ಘಾತವೂ ಸಿಗುವುದಿಲ್ಲ.

ಹಂತ 4: ನಿಂತ ಕಡೆ ಕತ್ತರಿಸಿ

ಇಲ್ಲಿ ನಿಧಾನವಾಗಿ ಬನ್ನಿ. ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಫೈ = ಎಕ್ಸ್², 0 ಯಿಂದ 1 ರವರೆಗೆ, ಎ = 1. ಲ್ಯಾಮ್ಡಾ 100 ಅಂತ ಇಟ್ಟುಕೊಳ್ಳಿ. ಫೇಸ್ ನಿಲ್ಲುವುದು ಎಕ್ಸ್ = 0 ಯಲ್ಲಿ. ಅಲ್ಲಿ ಬೈ ಪಾರ್ಟ್ಸ್ ನಡೆಯುವುದಿಲ್ಲ, ಏಕೆಂದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಹಾಗಾದರೆ ಡೆಲ್ಟಾ ಅನ್ನುವ ಒಂದು ಚಿಕ್ಕ ದೂರದಲ್ಲಿ ಕತ್ತರಿಸೋಣ.

0 ಯಿಂದ ಡೆಲ್ಟಾವರೆಗೆ ಅಲೆ ಹೆಚ್ಚು ಆಡುವುದೇ ಇಲ್ಲ. ಅಲ್ಲಿ ಮಾಡ್ಯುಲಸ್ ಒಳಗೆ ಹಾಕಿ, ಸಂಕೋಚ ಬೇಡ. ಸಿಗುವುದು ಡೆಲ್ಟಾ. ಡೆಲ್ಟಾದಿಂದ 1 ರವರೆಗೆ ಮೊದಲು ಬೈ ಪಾರ್ಟ್ಸ್, ಆಮೇಲೆ ಮಾಡ್ಯುಲಸ್. ತುದಿಯ ಪದಗಳು 1/(2·ಲ್ಯಾಮ್ಡಾ·ಡೆಲ್ಟಾ) ಮತ್ತು 1/(2·ಲ್ಯಾಮ್ಡಾ). ಉಳಿದ ಇಂಟಿಗ್ರಲ್ 1/(2·ಲ್ಯಾಮ್ಡಾ·ಡೆಲ್ಟಾ) ಕಳೆ 1/(2·ಲ್ಯಾಮ್ಡಾ). ಎರಡೂ ಕೂಡಿದರೆ ಸರಿಯಾಗಿ 1/(ಲ್ಯಾಮ್ಡಾ·ಡೆಲ್ಟಾ).

ಒಟ್ಟು ಅಂದಾಜು: ಡೆಲ್ಟಾ + 1/(ಲ್ಯಾಮ್ಡಾ·ಡೆಲ್ಟಾ). ಈಗ ಸಂಖ್ಯೆ ಹಾಕಿ ನೋಡಿ. ಡೆಲ್ಟಾ 0.01 ಆದರೆ ಮೊದಲ ತುಂಡು 0.01, ಎರಡನೆಯದು 1. ಡೆಲ್ಟಾ 0.5 ಆದರೆ 0.5 ಮತ್ತು 0.02. ಎರಡರಲ್ಲೂ ಒಂದು ತುಂಡು ಎಲ್ಲವನ್ನೂ ಹಾಳುಮಾಡುತ್ತದೆ. ಡೆಲ್ಟಾ 0.1 ಆದರೆ 0.1 ಮತ್ತು 0.1, ಒಟ್ಟು 0.2. ಎರಡು ತುಂಡೂ ಸಮವಾಗುವ ಜಾಗ ಡೆಲ್ಟಾ = 1/√ಲ್ಯಾಮ್ಡಾ. ನೀವು ಕೇಳುತ್ತಿದ್ದ ಮೈನಸ್ ಅರ್ಧ ಘಾತ ಇದೇ.

ಇನ್ನೊಂದು ಕಡೆಯಿಂದ ನೋಡಿದರೂ ಅದೇ ಬರುತ್ತದೆ. ಒಟ್ಟು ಫೇಸ್ 100ಎಕ್ಸ್² ಎಲ್ಲಿಯವರೆಗೆ 1 ದಾಟುವುದಿಲ್ಲ? ಎಕ್ಸ್ 0.1 ಆಗುವವರೆಗೆ. ಅಲೆ ಅಲ್ಲಿಯವರೆಗೆ ಸುಮ್ನೆ ನಿಂತಿರುತ್ತದೆ, ಆಮೇಲೆ ಆಡಲು ಶುರು. ನಿಂತ ಜಾಗದ ಅಗಲವೇ ಇಂಟಿಗ್ರಲ್‌ನ ಗಾತ್ರ.

ನಿಜವಾದ ಬೆಲೆ ಎಷ್ಟು? ಮಾಡ್ಯುಲಸ್ ಸುಮಾರು 0.084. ನಮ್ಮ ಅಂದಾಜು 0.2. ಎರಡೂವರೆ ಪಟ್ಟಿಗಿಂತ ಕಡಿಮೆ ವ್ಯತ್ಯಾಸ. ಶುರುವಿನಲ್ಲೇ ಮಾಡ್ಯುಲಸ್ ಒಳಗೆ ಹಾಕಿದ್ದರೆ ಸಿಗುತ್ತಿದ್ದದ್ದು 1. ಲ್ಯಾಮ್ಡಾ 10,000 ಮಾಡಿದರೆ ನಿಜವಾದ ಬೆಲೆಯೂ ನಮ್ಮ ಅಂದಾಜೂ ಎರಡೂ ಸುಮಾರು ಹತ್ತು ಪಟ್ಟು ಇಳಿಯುತ್ತವೆ. ಆ 1 ಮಾತ್ರ ಕದಲುವುದಿಲ್ಲ.

ಬರೀ ಅಂದಾಜಲ್ಲ, ಮುಖ್ಯ ಪದವೇ ಬೇಕು ಅಂದರೆ ಸ್ಟೇಷನರಿ ಫೇಸ್ ಸೂತ್ರ ಇದೆ. ನಿಲ್ಲುವ ಬಿಂದು ಒಳಗಿದ್ದು, ಅಲ್ಲಿ ಎರಡನೇ ಡೆರಿವೇಟಿವ್ ಸೊನ್ನೆ ಅಲ್ಲದಿದ್ದರೆ, ಮುಖ್ಯ ಪದದ ಗಾತ್ರ √(2ಪೈ / (ಲ್ಯಾಮ್ಡಾ·|ಫೈ″|)) ಗುಣಿಸು ಆ ಬಿಂದುವಿನ ಎ. ಬಿಂದು ತುದಿಯಲ್ಲೇ ಇದ್ದರೆ ಅರ್ಧ ಮಾತ್ರ. ನಮ್ಮ ಉದಾಹರಣೆಯಲ್ಲಿ ಹಾಗೇ ಆಗಿದೆ, ಅರ್ಧ ತೆಗೆದುಕೊಂಡರೆ 0.089. 0.084 ಗೂ ಅದಕ್ಕೂ ಇರುವ ವ್ಯತ್ಯಾಸ ಇನ್ನೊಂದು ತುದಿ, ಅಂದರೆ ಎಕ್ಸ್ = 1, ಕೊಟ್ಟದ್ದು. ತುದಿ ಮರೆಯಬೇಡಿ ಅಂದದ್ದು ಇದಕ್ಕೇ.

ಕಂಪ್ಯೂಟರಿನಲ್ಲಿ ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. ಲ್ಯಾಮ್ಡಾ 10,000 ಇದ್ದಾಗ ಎಕ್ಸ್ = 1 ರ ಹತ್ತಿರ ಒಂದು ಅಲೆಯ ಉದ್ದ ಸುಮಾರು 0.0003. ನೀವು 0 ಯಿಂದ 1 ರವರೆಗೆ ಸಾವಿರ ಬಿಂದು ಇಟ್ಟರೆ ಒಂದೊಂದು ಹೆಜ್ಜೆಗೆ ಮೂರು ಅಲೆ ಹಾರಿ ಹೋಗುತ್ತೀರಿ. ಬರುವ ಉತ್ತರ ಕಸ. ಅಲೆಗೆ ಹತ್ತು ಬಿಂದು ಅಂದರೂ ಮೂವತ್ತೆರಡು ಸಾವಿರ ಬೇಕು. ಉತ್ತರ ಹೊಂದುತ್ತಿಲ್ಲ ಅಂತ ಸೂತ್ರವನ್ನು ಬೈಯುವ ಮುಂಚೆ ಹೆಜ್ಜೆ ಅಳೆಯಿರಿ.

ಹಂತ 5: ವಾನ್ ಡರ್ ಕಾರ್ಪುಟ್ ಲೆಮ್ಮಾ

ಮೇಲಿನ ಕತ್ತರಿಸುವ ಉಪಾಯಕ್ಕೆ ಒಂದು ಸಿದ್ಧ ರೂಪ ಇದೆ. ನೆದರ್‌ಲೆಂಡ್ಸ್‌ನ ವಾನ್ ಡರ್ ಕಾರ್ಪುಟ್ 1921ರ ಸುಮಾರಿಗೆ ಕೊಟ್ಟದ್ದು. ಫೈ-ನ ಕೆ-ನೇ ಡೆರಿವೇಟಿವ್‌ನ ಮಾಡ್ಯುಲಸ್ ಎಲ್ಲೆಡೆ ಕನಿಷ್ಠ 1 ಇದ್ದರೆ, ಎ = 1 ಆಗಿದ್ದಾಗ, ಇಂಟಿಗ್ರಲ್ ಲ್ಯಾಮ್ಡಾದ −1/ಕೆ ಘಾತದ ಸ್ಥಿರಾಂಕ ಪಟ್ಟು ದಾಟುವುದಿಲ್ಲ. ಕೆ = 1 ಕ್ಕೆ ಸ್ಥಿರಾಂಕ 3, ಕೆ = 2 ಕ್ಕೆ 8 ಇಟ್ಟರೆ ಸಾಕು. ಇದರ ಸೊಗಸು ಏನೆಂದರೆ ಸ್ಥಿರಾಂಕಕ್ಕೆ ಫೈ ಆಗಲಿ, ಇಂಟಿಗ್ರಲ್‌ನ ಉದ್ದವಾಗಲಿ ತಗುಲುವುದೇ ಇಲ್ಲ.

ಆದರೆ ಕೆ = 1 ಇದ್ದಾಗ ಒಂದು ಷರತ್ತು ಜಾಸ್ತಿ: ಫೈ′ ಏರುತ್ತಲೇ ಇರಬೇಕು ಅಥವಾ ಇಳಿಯುತ್ತಲೇ ಇರಬೇಕು. ಪರೀಕ್ಷೆಯಲ್ಲಿ ಇದನ್ನು ಬಿಟ್ಟು ಬರೆದ ಉತ್ತರಗಳನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ. ಯಾಕೆ ಬೇಕು? ಕೊಸೈನ್ ಧನವಾಗಿರುವಾಗ ನಿಧಾನ ನಡೆದು, ಋಣವಾದ ಕೂಡಲೇ ಓಡಿ ದಾಟುವ ಒಂದು ಫೇಸ್ ನೆನೆಸಿಕೊಳ್ಳಿ. ಅದರ ವೇಗ ಎಲ್ಲೂ 1 ಕ್ಕಿಂತ ಕಡಿಮೆ ಇಲ್ಲ. ಆದರೂ ಜಮೆ ಬೆಳೆಯುತ್ತಲೇ ಹೋಗುತ್ತದೆ, ಖರ್ಚು ಅದನ್ನು ಹಿಡಿಯುವುದಿಲ್ಲ. ಕೆ 2 ಅಥವಾ ಹೆಚ್ಚಿದ್ದರೆ ಈ ಆಟ ನಡೆಯುವುದಿಲ್ಲ, ಷರತ್ತೂ ಬೇಡ.

ಎ = 1 ಅಲ್ಲದಿದ್ದರೆ ಬಲತುದಿಯಲ್ಲಿ |ಎ| ಬೆಲೆ ಮತ್ತು |ಎ′|-ನ ಇಂಟಿಗ್ರಲ್, ಇವೆರಡನ್ನೂ ಕೂಡಿಸಿ ಗುಣಿಸಿ. ಹೆಚ್ಚು ಚರಗಳಿದ್ದರೆ, ಎನ್ ಆಯಾಮದಲ್ಲಿ ಎರಡನೇ ಡೆರಿವೇಟಿವ್‌ಗಳ ಮ್ಯಾಟ್ರಿಕ್ಸ್, ಅಂದರೆ ಹೆಸಿಯನ್, ಡಿಟರ್ಮಿನೆಂಟ್ ಸೊನ್ನೆ ಅಲ್ಲದಿದ್ದರೆ ಘಾತ −ಎನ್/2. ಪ್ರತಿ ದಿಕ್ಕಿನಲ್ಲೂ 1/√ಲ್ಯಾಮ್ಡಾ ಅಗಲದ ಡಬ್ಬಿ, ಅದರ ಗಾತ್ರವೇ ಅದು. ಆದರೆ ಒಂದು ಚರದ ಲೆಮ್ಮಾದಲ್ಲಿ ಸಿಕ್ಕ "ಸ್ಥಿರಾಂಕಕ್ಕೆ ಫೈ ತಗುಲದು" ಅನ್ನುವ ಸುಖ ಇಲ್ಲಿ ಪುಕ್ಕಟೆ ಸಿಗುವುದಿಲ್ಲ.

ಹಂತ 6: ಸಂಖ್ಯೆಯಿಂದ ಆಪರೇಟರ್‌ಗೆ

ಈಗ ಫೇಸ್ ಎರಡು ಚರಗಳದ್ದು: ಫೈ(ಎಕ್ಸ್, ವೈ). ಟಿ ಅನ್ನುವ ಆಪರೇಟರ್ ಒಂದು ಫಲನ ಎಫ್(ವೈ) ಅನ್ನು ತೆಗೆದುಕೊಂಡು, ಇ^(ಐ·ಲ್ಯಾಮ್ಡಾ·ಫೈ) ಮತ್ತು ಎ ಜೊತೆ ಗುಣಿಸಿ, ವೈ ಮೇಲೆ ಇಂಟಿಗ್ರೇಟ್ ಮಾಡಿ, ಎಕ್ಸ್‌ನ ಫಲನ ಕೊಡುತ್ತದೆ. ಕೇಳುವುದು ಅದರ ಎಲ್-2 ನಾರ್ಮ್: ಒಳಗೆ ಹೋದದ್ದು ಹೊರಗೆ ಬರುವಾಗ ಹೆಚ್ಚೆಂದರೆ ಎಷ್ಟು ಪಟ್ಟು ಆಗಬಹುದು?

ಎಫ್ ಯಾವುದೋ ಗೊತ್ತಿಲ್ಲ, ನಯವಾಗಿಯೂ ಇಲ್ಲ. ಹಾಗಾಗಿ ವೈ ಮೇಲೆ ನೇರವಾಗಿ ಬೈ ಪಾರ್ಟ್ಸ್ ಮಾಡುವಂತಿಲ್ಲ. ದಾರಿ ಹೀಗೆ: ಟಿ ಬದಲು ಟಿ-ಟಿ ಸ್ಟಾರ್ ನೋಡಿ. ಟಿ ಸ್ಟಾರ್ ಅಂದರೆ ಟಿ-ಯ ಜೋಡಿ ಆಪರೇಟರ್. ಇದರಲ್ಲಿ ಎಫ್ ಹೊರಗೆ ಉಳಿಯುತ್ತದೆ. ಒಳಗೆ ಫೈ(ಎಕ್ಸ್, ವೈ) ಕಳೆ ಫೈ(ಎಕ್ಸ್′, ವೈ) ಅನ್ನುವ ಫೇಸ್ ಮಾತ್ರ ಇರುತ್ತದೆ. ಅದರ ಮೇಲೆ ಮೂರನೇ ಹಂತದ ಬೈ ಪಾರ್ಟ್ಸ್ ಬೇಕಾದಷ್ಟು ಸಲ ಮಾಡಿ. ಎಕ್ಸ್ ಮತ್ತು ಎಕ್ಸ್′ ನಡುವಿನ ದೂರ 1/ಲ್ಯಾಮ್ಡಾ ದಾಟಿದರೆ ಕರ್ನಲ್, ಅಂದರೆ ಒಳಗಿನ ಆ ವೈ ಇಂಟಿಗ್ರಲ್ ಕೊಡುವ ಎಕ್ಸ್, ಎಕ್ಸ್′ ಗಳ ಫಲನ, ಬೇಗ ಕರಗುತ್ತದೆ. ಈಗ, ಈಗ ಮಾತ್ರ, ಮಾಡ್ಯುಲಸ್ ಒಳಗೆ. ಶೂರ್ ಪರೀಕ್ಷೆ ಹಾಕಿ: ಕರ್ನಲ್‌ನ ಮಾಡ್ಯುಲಸ್ ಅನ್ನು ಒಂದೊಂದು ಚರದ ಮೇಲೆ ಇಂಟಿಗ್ರೇಟ್ ಮಾಡಿ, ದೊಡ್ಡದನ್ನು ತೆಗೆದುಕೊಳ್ಳಿ. ಟಿ-ಟಿ ಸ್ಟಾರ್‌ಗೆ ಲ್ಯಾಮ್ಡಾದ −ಎನ್ ಘಾತ ಸಿಗುತ್ತದೆ (ಎಕ್ಸ್, ವೈ ಎರಡೂ ಎನ್ ಆಯಾಮದವು ಅಂತ ಇಟ್ಟುಕೊಂಡರೆ). ಅದು ಟಿ-ಯ ನಾರ್ಮ್‌ನ ವರ್ಗ. ವರ್ಗಮೂಲ ತೆಗೆದರೆ −ಎನ್/2. ವರ್ಗಮೂಲ ಮರೆತು ಎರಡು ಪಟ್ಟು ಒಳ್ಳೆಯ ಘಾತ ಬರೆದು ಹಿಗ್ಗುವವರು ಇದ್ದಾರೆ, ನೋಡಿಕೊಳ್ಳಿ.

ಇದು ಹೊರ್ಮಾಂಡರ್ 1973ರಲ್ಲಿ ಕೊಟ್ಟ ಫಲಿತಾಂಶ. ಷರತ್ತು ಏನೆಂದರೆ ಮಿಶ್ರ ಡೆರಿವೇಟಿವ್‌ಗಳ ಮ್ಯಾಟ್ರಿಕ್ಸ್, ಒಮ್ಮೆ ಎಕ್ಸ್‌ಗೆ ಒಮ್ಮೆ ವೈ-ಗೆ ತೆಗೆದದ್ದು, ಅದರ ಡಿಟರ್ಮಿನೆಂಟ್ ಸೊನ್ನೆ ಆಗಬಾರದು. ಇಲ್ಲಿ ಮಾಮೂಲಿ ಹೆಸಿಯನ್ ನೋಡುವುದು ದೊಡ್ಡ ತಪ್ಪು. ಫೈ = ಎಕ್ಸ್² + ವೈ² ತೆಗೆದುಕೊಳ್ಳಿ. ಹೆಸಿಯನ್ ಚೆನ್ನಾಗಿದೆ, ಮಿಶ್ರ ಡೆರಿವೇಟಿವ್ ಸೊನ್ನೆ. ಎಫ್ = ಇ^(−ಐ·ಲ್ಯಾಮ್ಡಾ·ವೈ²) ಅಂತ ಕೊಟ್ಟರೆ ಒಳಗಿನ ಅಲೆ ಪೂರ್ತಿ ಅಳಿಸಿಹೋಗುತ್ತದೆ, ಲ್ಯಾಮ್ಡಾ ಎಷ್ಟು ಬೆಳೆದರೂ ನಾರ್ಮ್ ಇಳಿಯುವುದಿಲ್ಲ. ಫೈ = ಎಕ್ಸ್·ವೈ ಆದರೆ ಉಲ್ಟಾ. ಅದು ಫೂರಿಯೆ ರೂಪಾಂತರವೇ ಅಲ್ವಾ, ಎಲ್ಲ ಸರಿ ಹೋಗುತ್ತದೆ.

ಹಂತ 7: ಸಮೀಕರಣಕ್ಕೆ ಬನ್ನಿ

ಆಂಶಿಕ ಅವಕಲ ಸಮೀಕರಣ, ನಾವು ಪಿಡಿಇ ಅನ್ನುವುದು, ಇಲ್ಲಿ ಎಲ್ಲಿಂದ ಬಂತು? ಕ್ವಾಂಟಮ್ ಕಣದ ಅಲೆ ಕಾಲದೊಂದಿಗೆ ಹೇಗೆ ಬದಲಾಗುತ್ತದೆ ಅಂತ ಹೇಳುವ ಶ್ರೋಡಿಂಗರ್ ಸಮೀಕರಣವನ್ನು ಫೂರಿಯೆ ಮೂಲಕ ಬಿಡಿಸಿ. ಒಂದು ಆಯಾಮದಲ್ಲಿ ಕ್ಸೈ ಅನ್ನುವ ಆವರ್ತನದ ಮೇಲೆ ಇಂಟಿಗ್ರಲ್ ಬರುತ್ತದೆ, ಫೇಸ್ ಎಕ್ಸ್·ಕ್ಸೈ ಕಳೆ ಕಾಲ·ಕ್ಸೈ². ಕ್ಸೈ ಬಗ್ಗೆ ಎರಡನೇ ಡೆರಿವೇಟಿವ್ ಕಾಲದ ಮೈನಸ್ ಎರಡು ಪಟ್ಟು. ಅಂದರೆ ಲ್ಯಾಮ್ಡಾ ಇದ್ದ ಕುರ್ಚಿಯಲ್ಲಿ ಈಗ ಕಾಲ ಕುಳಿತಿದೆ. ನಾಲ್ಕನೇ ಹಂತದ ಪ್ರಕಾರ ಕರ್ನಲ್ 1/√ಕಾಲ ದಂತೆ ಇಳಿಯಬೇಕು. ಲೆಕ್ಕ ಪೂರ್ತಿ ಮಾಡಿದರೆ ಕರ್ನಲ್‌ನ ಮಾಡ್ಯುಲಸ್ ಸರಿಯಾಗಿ 1/√(4ಪೈ·ಕಾಲ). ಎನ್ ಆಯಾಮದಲ್ಲಿ ಇದರ ಎನ್-ನೇ ಘಾತ. ಈಗ ಮಾಡ್ಯುಲಸ್ ಒಳಗೆ ಹಾಕಿದರೆ ಎಲ್-1 ರಿಂದ ಎಲ್-ಅನಂತಕ್ಕೆ ಅಂದಾಜು ಸಿಕ್ಕಿತು. ಎಲ್-2 ನಾರ್ಮ್ ಮಾತ್ರ ಬದಲಾಗುವುದೇ ಇಲ್ಲ. ಎತ್ತರ ಇಳಿಯುತ್ತದೆ, ಅಗಲ ಹರಡುತ್ತದೆ, ಒಟ್ಟು ಅಷ್ಟೇ.

ಫೇಸ್ ನಿಲ್ಲುವ ಜಾಗ ಕ್ಸೈ = ಎಕ್ಸ್/(2·ಕಾಲ). ಅಂದರೆ ಕ್ಸೈ ಆವರ್ತನದ ಅಲೆ 2·ಕ್ಸೈ ವೇಗದಲ್ಲಿ ಹೋಗುತ್ತದೆ. ಬೇರೆ ಬೇರೆ ಆವರ್ತನಕ್ಕೆ ಬೇರೆ ಬೇರೆ ವೇಗ. ಹೀಗೆ ಅಲೆಗಳು ಬೇರೆಯಾಗಿ ಹರಡುವುದಕ್ಕೆ ಪ್ರಸರಣ ಅನ್ನುತ್ತಾರೆ. ಗಾಳಿ ಇಲ್ಲದ ಹೊತ್ತಿನಲ್ಲಿ ಮುನಿರಾಬಾದಿನ ಹತ್ತಿರ ತುಂಗಭದ್ರಾ ಹಿನ್ನೀರಿಗೆ ಒಂದು ದಪ್ಪ ಕಲ್ಲು ಎಸೆದು ನೋಡಿ. ಮೊದಲು ಒಂದೇ ಗುಂಪು. ಸ್ವಲ್ಪ ಹೊತ್ತಿಗೆ ಉದ್ದ ಅಲೆಗಳು ಮುಂದೆ, ಗಿಡ್ಡವು ಹಿಂದೆ, ಮತ್ತು ಎಲ್ಲದರ ಎತ್ತರವೂ ಇಳಿದಿರುತ್ತದೆ. ಎರಡು ಸೆಂಟಿಮೀಟರ್‌ಗಿಂತ ಸಣ್ಣ ಅಲೆಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅವುಗಳ ನಿಯಮ ಬೇರೆ. ಶ್ರೋಡಿಂಗರ್‌ನಲ್ಲಿ ಓಟ ಉಲ್ಟಾ, ಗಿಡ್ಡ ಅಲೆಯೇ ಮುಂದೆ.

ಉಷ್ಣ ಸಮೀಕರಣದ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದರಲ್ಲೂ ಕಾಲದ −ಎನ್/2 ಘಾತವೇ ಬರುತ್ತದೆ. ಆದರೆ ರಾಯಚೂರಿನ ಮೇ ತಿಂಗಳ ಬಂಡೆ ರಾತ್ರಿ ತಣಿಯುವಾಗ ಯಾವ ಅಲೆಯೂ ಹೊಡೆದುಹೋಗಬೇಕಿಲ್ಲ. ಆ ಕರ್ನಲ್ ಧನವೇ, ತಾನಾಗಿಯೇ ದೂರಕ್ಕೆ ಕರಗುತ್ತದೆ, ಮಾಡ್ಯುಲಸ್‌ನ ಚಿಂತೆಯೇ ಇಲ್ಲ. ಶ್ರೋಡಿಂಗರ್ ಕರ್ನಲ್‌ನ ಮಾಡ್ಯುಲಸ್ ಎಷ್ಟು ದೂರ ಹೋದರೂ ಅಷ್ಟೇ ಎತ್ತರ.

ಬೇರೆ ಸಮೀಕರಣಗಳಿಗೂ ಇದೇ ದಾರಿ. ಏರಿ ಸಮೀಕರಣ, ಅಂದರೆ ಕೆಡಿವಿ (ಕೊರ್ಟೆವೆಗ್–ಡಿ ವ್ರೀಸ್) ಅನ್ನುವ ಆಳವಿಲ್ಲದ ನೀರಿನ ಅಲೆಗಳ ಸಮೀಕರಣದ ರೇಖೀಯ ಭಾಗ: ಫೇಸ್‌ನಲ್ಲಿ ಕ್ಸೈ³ ಇದೆ, ಕೆ = 3 ಹಾಕಿ, ಘಾತ −1/3. ತರಂಗ ಸಮೀಕರಣದಲ್ಲಿ ಫೇಸ್ ಕ್ಸೈ-ನ ಉದ್ದದಂತೆ ಇರುತ್ತದೆ. ಒಂದು ದಿಕ್ಕಿನಲ್ಲಿ ಅದು ನೇರ ಗೆರೆ, ಬಾಗು ಇಲ್ಲ. ಆ ದಿಕ್ಕು ಲೆಕ್ಕದಿಂದ ಹೋಯಿತು. ಆವರ್ತನವನ್ನು ಒಂದು ಪಟ್ಟಿಯೊಳಗೆ ಕಟ್ಟಿಹಾಕಿದ ಮೇಲೆ ಘಾತ −(ಎನ್−1)/2. ಎನ್ = 1 ಆದರೆ ಸೊನ್ನೆ: ತಂತಿಯ ಮೇಲಿನ ಅಲೆ ಆಕಾರ ಕೆಡದೆ ಓಡುವುದು ಇದಕ್ಕೇ.

ಹಂತ 8: ಸ್ಟ್ರಿಕಾರ್ಟ್ಸ್ ಅಂದಾಜು, ಮತ್ತು ಅದಕ್ಕೂ ಮುಂಚೆ ಸ್ಕೇಲಿಂಗ್

ಶುರುವಿನ ಫಲನ ಎಲ್-2 ದಲ್ಲಿ ಮಾತ್ರ ಇದ್ದರೆ ಒಂದೊಂದು ಕ್ಷಣಕ್ಕೂ ಇಳಿಕೆ ಹೇಳಲಾಗದು. ಜಾಗದಲ್ಲಿ ಎಲ್-ಪಿ, ಕಾಲದಲ್ಲಿ ಎಲ್-ಕ್ಯೂ (ಎಲ್-2 ನಂತೆಯೇ, 2 ರ ಜಾಗದಲ್ಲಿ ಪಿ ಅಥವಾ ಕ್ಯೂ) ಅಂತ ಸರಾಸರಿಯಾಗಿ ಹೇಳಬಹುದು. ಅಂದಾಜಿನ ಎಡಗಡೆ ಪರಿಹಾರದ ಈ ನಾರ್ಮ್, ಬಲಗಡೆ ಶುರುವಿನ ಫಲನದ ಎಲ್-2 ನಾರ್ಮ್‌ನ ಸ್ಥಿರಾಂಕ ಪಟ್ಟು. ಇದು ರಾಬರ್ಟ್ ಸ್ಟ್ರಿಕಾರ್ಟ್ಸ್ 1977ರಲ್ಲಿ ಶುರುಮಾಡಿದ ದಾರಿ.

ಸಾಧನೆಗೆ ಇಳಿಯುವ ಮುಂಚೆ ಯಾವ ಪಿ, ಕ್ಯೂ ಸಾಧ್ಯ ಅಂತ ನೋಡಿ. ಜಾಗವನ್ನು ಸಿಗ್ಮಾ ಪಟ್ಟು, ಕಾಲವನ್ನು ಸಿಗ್ಮಾ² ಪಟ್ಟು ಮಾಡಿದರೂ ಪರಿಹಾರ ಪರಿಹಾರವೇ. ಆಗ ಬಲಗಡೆಯ ಎಲ್-2 ನಾರ್ಮ್ ಸಿಗ್ಮಾದ −ಎನ್/2 ಘಾತದಷ್ಟು ಬದಲಾಗುತ್ತದೆ. ಎಡಗಡೆ −(2/ಕ್ಯೂ + ಎನ್/ಪಿ) ಘಾತ. ಎರಡೂ ಸಮ ಇಲ್ಲದಿದ್ದರೆ ಸಿಗ್ಮಾವನ್ನು ದೊಡ್ಡದೋ ಚಿಕ್ಕದೋ ಮಾಡಿ ಅಂದಾಜನ್ನೇ ಸುಳ್ಳು ಮಾಡಬಹುದು. ಹಾಗಾಗಿ 2/ಕ್ಯೂ + ಎನ್/ಪಿ = ಎನ್/2 ಆಗಲೇಬೇಕು. ಪಿ ಮತ್ತು ಕ್ಯೂ ಒಂದೇ ಬೇಕು ಅಂದರೆ ಒಂದು ಆಯಾಮದಲ್ಲಿ 6, ಎರಡರಲ್ಲಿ 4, ಮೂರರಲ್ಲಿ 10/3. ಎರಡು ನಿಮಿಷದ ಕೆಲಸ. ಇದನ್ನು ಬಿಟ್ಟು ಸುಳ್ಳು ಅಸಮತೆಯನ್ನು ವಾರಗಟ್ಟಲೆ ಸಾಧಿಸಲು ಕುಳಿತವರಲ್ಲಿ ನಾನೂ ಒಬ್ಬ.

ಸಾಧನೆ ಮತ್ತೆ ಟಿ-ಟಿ ಸ್ಟಾರ್. ಏಳನೇ ಹಂತದ ಎರಡು ಅಂದಾಜುಗಳ ನಡುವೆ ಇಂಟರ್‌ಪೊಲೇಶನ್ ಮಾಡಿದರೆ, ಅಂದರೆ ಎರಡರ ನಡುವಿನ ಪಿ-ಗಳಿಗೆ ಅಂದಾಜು ತೆಗೆದರೆ, ಎರಡು ಕಾಲಗಳ ಅಂತರದ −ಎನ್(1/2 − 1/ಪಿ) ಘಾತ ಬರುತ್ತದೆ. ಸ್ಕೇಲಿಂಗ್ ಪ್ರಕಾರ ಅದು −2/ಕ್ಯೂ. ಈಗ ಕಾಲದ ಮೇಲೆ ಮಾಡ್ಯುಲಸ್ ಒಳಗೆ ಹಾಕಿ, ಹಾರ್ಡಿ–ಲಿಟಲ್‌ವುಡ್–ಸೊಬೊಲೆವ್ ಅಸಮತೆ ಬಳಸಿ (ಅಂತರದ ಋಣ ಘಾತವೇ ಕರ್ನಲ್ ಆಗಿರುವ ಇಂಟಿಗ್ರಲ್‌ಗಳ ನಾರ್ಮ್ ಅಂದಾಜು ಮಾಡುವ ಅಸಮತೆ ಅದು). ಅದಕ್ಕೆ 2/ಕ್ಯೂ ಒಂದಕ್ಕಿಂತ ಕಡಿಮೆ ಇರಬೇಕು. ಕ್ಯೂ = 2 ಆದರೆ ಈ ದಾರಿ ಮುರಿಯುತ್ತದೆ. ಮೂರು ಮತ್ತು ಹೆಚ್ಚಿನ ಆಯಾಮಗಳಲ್ಲಿ ಆ ತುದಿಯನ್ನು ಕೀಲ್ ಮತ್ತು ಟಾವೊ 1998ರಲ್ಲಿ ಮುಗಿಸಿದರು. ಎರಡು ಆಯಾಮದಲ್ಲಿ ಕ್ಯೂ = 2, ಪಿ = ಅನಂತ ಅನ್ನುವ ಅಂದಾಜು ಸುಳ್ಳು. ಪ್ರಾಜೆಕ್ಟ್ ವರದಿಯಲ್ಲಿ "ಎಲ್ಲ ಜೋಡಿಗೂ" ಅಂತ ಬರೆಯುವ ಮುಂಚೆ ಈ ಒಂದು ಜೋಡಿಯನ್ನು ಹೊರಗಿಡಿ.

ಕೈ ಪಳಗಿಸಲು ಒಂದು ಲೆಕ್ಕ

ಕಾಸ್(1000·ಎಕ್ಸ್³), 0 ಯಿಂದ 1 ರವರೆಗೆ. ಮೊದಲು ಫೇಸ್ 1 ದಾಟುವ ಜಾಗ ಹುಡುಕಿ, ಅಲ್ಲೇ ಕತ್ತರಿಸಿ, ಎರಡು ತುಂಡನ್ನೂ ಕಾಗದದ ಮೇಲೆ ಅಂದಾಜು ಮಾಡಿ. ಆಮೇಲೆ ಕಂಪ್ಯೂಟರಿನಲ್ಲಿ ನೋಡಿ, ಹೆಜ್ಜೆ ಸಣ್ಣದಿರಲಿ. 0.078 ರ ಹತ್ತಿರ ಬರಬೇಕು. ಮೂರನೇ ದಶಮಾಂಶದಲ್ಲೇ ವ್ಯತ್ಯಾಸ ಕಂಡರೆ ಹೆಜ್ಜೆ ಇನ್ನೂ ಉದ್ದವಿದೆ ಅಂತ ಅರ್ಥ.